ನೆಲದ ಬೆಲೆಗೆ ಸಾಕ್ಷಿ

ಧಾನ್ಯಕ್ಕೆ ಸಂತೆಯ ಧಾರಣೆಯುಂಟು; ಚಿನ್ನಕ್ಕೆ ಒರೆಗಲ್ಲುಂಟು. ಆದರೆ ಒಂದು ನೆಲದಂತೆ ಮತ್ತೊಂದು ನೆಲವಿಲ್ಲ. ಒಮ್ಮೆ ಕ್ರಯವಾದ ಮನೆಯು ಮರಳಿ ಮಾರಾಟಕ್ಕೆ ಬರುವುದರೊಳಗೆ ಒಂದು ತಲೆಮಾರೇ ಕಳೆದಿರಬಹುದು. ಆದಕಾರಣ ಸ್ಥಿರಾಸ್ತಿಯ ಬೆಲೆಯು ಕಣ್ಣಿನಿಂದ ನೋಡಿದ ಮಾತ್ರಕ್ಕೆ ಗೊತ್ತಾಗತಕ್ಕದ್ದಲ್ಲ. ಹಿಂದೆ ನಡೆದ ಕ್ರಯಗಳ ಸಾಕ್ಷ್ಯದಿಂದ ನಿರ್ಣಯವಾಗತಕ್ಕದ್ದು. ಆ ಸಾಕ್ಷ್ಯವನ್ನು ಹಿಂದಿನವರು ಹೇಗೆ ಕಾಪಾಡಿದರು, ಅದು ಕೆಟ್ಟರೆ ನಷ್ಟವಾರಿಗೆ ಎಂಬುದು ಹೋಳೂರು ಮೊದಲಾದ ಕೋಲಾರ ಸೀಮೆಯ ಗ್ರಾಮಗಳವರು ಆಲೋಚಿಸತಕ್ಕ ವಿಷಯವಾಗಿದೆ.

ಮೈಸೂರಿನ ಪಂಡಿತ ಆರ್. ಶಾಮಶಾಸ್ತ್ರಿಗಳು ೧೯೦೯ರಲ್ಲಿ ಅಚ್ಚು ಮಾಡಿಸಿ ಲೋಕಕ್ಕೆ ದೊರಕಿಸಿದ ಕೌಟಿಲ್ಯನ ಅರ್ಥಶಾಸ್ತ್ರದ ಮೂರನೆಯ ಅಧಿಕರಣದಲ್ಲಿ ವಾಸ್ತುವಿಕ್ರಯದ ವಿಧಿಯುಂಟು. ಕೊಳ್ಳುವ ಹಕ್ಕು ಮೊದಲು ಜ್ಞಾತಿಗಳಿಗೆ, ಆಮೇಲೆ ನೆರೆಯವರಿಗೆ, ಬಳಿಕ ಸಾಲಕೊಟ್ಟ ಧನಿಕರಿಗೆ, ಕಡೆಗೆ ಹೊರಗಿನವರಿಗೆ. ಮನೆಯನ್ನು ಮಾರುವಾಗ ನೆರೆಹೊರೆಯ ನಲವತ್ತು ಕುಲಗಳವರ ಎದುರಿನಲ್ಲಿ, ಆ ಮನೆಯ ಮುಂದೆಯೇ ಸಾರಬೇಕು. ಹೊಲ, ತೋಟ, ಕೆರೆಗಳಾದರೆ ನೆರೆಯವರ ಮತ್ತು ಗ್ರಾಮವೃದ್ಧರ ಸಮಕ್ಷಮದಲ್ಲಿ ಎಲ್ಲೆಗಳನ್ನು ಹೇಳಿ, ಬೆಲೆಯನ್ನು ಮೂರು ಸಾರಿ ಕೂಗಬೇಕು. ಯಾರೂ ಅಡ್ಡಿಪಡಿಸದಿದ್ದರೆ ಕ್ರಯವು ಸಿದ್ಧಿಸುವುದು. ಸ್ಪರ್ಧೆಯಿಂದ ಬೆಲೆಯೇರಿದರೆ ಏರಿದ ಭಾಗವು ಶುಲ್ಕಸಹಿತವಾಗಿ ಅರಸನ ಬೊಕ್ಕಸಕ್ಕೆ ಸೇರುವುದು. ಗುಟ್ಟಿನಲ್ಲಿ ನಡೆದ ಕ್ರಯಕ್ಕೆ ಬೆಲೆಯಿಲ್ಲವೆಂಬುದೇ ಇದರ ತಾತ್ಪರ್ಯ.

ಕಲ್ಯಾಣದ ಚಾಲುಕ್ಯ ವಿಕ್ರಮಾದಿತ್ಯನ ಕಾಲದಲ್ಲಿ ಮಿತಾಕ್ಷರೆಯನ್ನು ಬರೆದ ವಿಜ್ಞಾನೇಶ್ವರನೂ ಭೂಮಿಯು ಕೈಬದಲಾಗುವುದಕ್ಕೆ ಗ್ರಾಮ, ಜ್ಞಾತಿ, ನೆರೆಯವರು, ದಾಯಾದರು ಇವರ ಅನುಮತಿಯನ್ನೂ, ಹಿರಣ್ಯೋದಕ ದಾನವನ್ನೂ ಹೇಳಿರುವನು. ಬಿ. ಎಲ್. ರೈಸ್ ಅವರು ೧೯೦೫ರಲ್ಲಿ ಪ್ರಕಟಿಸಿದ ಕೋಲಾರ ಜಿಲ್ಲೆಯ ಶಾಸನ ಸಂಪುಟವನ್ನು ತೆರೆದರೆ ಇದೇ ಭಾವವು ಕಲ್ಲಿನಲ್ಲಿ ನಿಂತಿರುವುದನ್ನು ಕಾಣಬಹುದು. ಖಂಡುಗ ಕೊಳಗಗಳ ಬಿತ್ತನೆಯಿಂದ ನೆಲದ ಅಳತೆ. ಕೆರೆ, ಕಲ್ಲು, ಮರಗಳಿಂದ ಎಲ್ಲೆ. ವಿಜಯನಗರದ ಕಾಲದ ದಾನಶಾಸನಗಳು ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯ ಎಂದು ಎಂಟು ಭೋಗಗಳನ್ನು ಎಣಿಸುತ್ತವೆ. ಇವುಗಳಲ್ಲಿ ಆಗಾಮಿ ಸಾಧ್ಯಗಳೆಂಬವು ಮುಂದೆ ಬರತಕ್ಕ ಫಲಗಳು. ನೆಲದ ಯೋಗ್ಯತೆಯು ಇಂದಿನ ಬೆಳೆಯಲ್ಲಿ ಮಾತ್ರವಲ್ಲದೆ ನಾಳಿನ ಸಂಭವದಲ್ಲಿಯೂ ಇರುವುದೆಂಬುದನ್ನು ಪೂರ್ವಿಕರು ಅರಿತಿದ್ದರು.

೧೮೬೩ರಲ್ಲಿ ಮೈಸೂರು ಸೀಮೆಯಲ್ಲಿ ಮೋಜಣಿಯು ಮೊದಲಾಯಿತು. ಮೂವತ್ತಮೂರು ಅಡಿ ಚದರ ಗುಂಟೆಯಾಗಿ, ನಲವತ್ತು ಗುಂಟೆ ಎಕರೆಯಾಗಿ, ಖುಷ್ಕಿ, ತರಿ, ಬಾಗಾಯ್ತುಗಳಿಗೆ ಬೇರೆ ಬೇರೆ ಕಂದಾಯವು ಗೊತ್ತಾಯಿತು. ಆದರೆ ಅದು ಕಂದಾಯದ ಎಣಿಕೆಯೇ ಹೊರತು ಕ್ರಯದ ಬೆಲೆಯಲ್ಲ. ಬೆಲೆಗೆ ಸಾಕ್ಷಿಯಾದುದು ನೋಂದಣಿಯ ಪುಸ್ತಕ. ೧೯೦೮ರ ನೋಂದಣಿ ಕಾನೂನಿನಂತೆ ನೂರು ರೂಪಾಯಿಗೆ ಮೇಲ್ಪಟ್ಟ ಸ್ಥಿರಾಸ್ತಿಯ ಕ್ರಯಪತ್ರವು ನೋಂದಣಿಯಾಗಲೇಬೇಕು. ನಲವತ್ತು ಕುಲಗಳವರು ನಿಲ್ಲುತ್ತಿದ್ದ ಜಾಗದಲ್ಲಿ ಈ ಪುಸ್ತಕವು ನಿಂತಿತು. ಋಣಭಾರ ಪತ್ರವೆಂಬುದು ಅದರಿಂದ ತೆಗೆದ ಆಸ್ತಿಯ ಚರಿತ್ರೆಯೇ ಆಗಿದೆ.

ಬೆಲೆ ಕಟ್ಟುವ ಕ್ರಮವೂ ಇದರಿಂದಲೇ ಹೊರಡುವುದು. ಅದೇ ಗ್ರಾಮದಲ್ಲಿ, ಸಮೀಪಕಾಲದಲ್ಲಿ, ಅದೇ ಬಗೆಯ ನೆಲವು ಎಷ್ಟಕ್ಕೆ ಕ್ರಯವಾಯಿತೆಂದು ನೋಡಿ, ದಾರಿ, ನೀರು, ಊರಿನ ದೂರಗಳಿಗೆ ತಕ್ಕಂತೆ ಹೆಚ್ಚು ಕಡಿಮೆ ಮಾಡಬೇಕು. ಮಾರುವವನು ಹೇಳುವ ಬೆಲೆಯು ಆಸೆ. ಕೊಟ್ಟು ತೆಗೆದುಕೊಂಡ ಬೆಲೆಯೇ ಪ್ರಮಾಣ. ಪಟ್ಟಣದ ಫ್ಲ್ಯಾಟಿನಲ್ಲಿ ಕಟ್ಟಡವು ವರ್ಷವರ್ಷಕ್ಕೆ ಸವೆಯುವುದು. ಅದರೊಡನೆ ಬರುವ ನೆಲದ ಅವಿಭಾಜಿತ ಪಾಲು ಸವೆಯದು. ಆದುದರಿಂದ ಎರಡನ್ನೂ ಬೇರೆಬೇರೆಯಾಗಿ ಎಣಿಸಬೇಕು. ಬೆಲೆಯ ಏರಿಳಿತದ ಕಾರಣವನ್ನೂ ತಿಳಿಯಬೇಕು. ೨೦೦೧ರಲ್ಲಿ ಗಣಿಯು ಮುಚ್ಚಿದಾಗ ಚಿನ್ನದ ಊರಿನವರ ಜೀವನೋಪಾಯವೇ ಕದಲಿತು. ಇತ್ತ ನರಸಾಪುರದಲ್ಲಿ ಕಾರ್ಖಾನೆಗಳೆದ್ದುವು. ಮಾಲೂರು ಸೀಮೆಯಲ್ಲಿ ಚೆನ್ನೈಗೆ ಹೋಗುವ ಹೊಸ ಹೆದ್ದಾರಿಯು ಹಾಯಿತು.

ಇಷ್ಟೆಲ್ಲ ಇದ್ದರೂ ಸಾಕ್ಷಿಯೇ ಸುಳ್ಳಾಡಿದರೆ ಗತಿಯೇನು? ಮುದ್ರಾಂಕ ಶುಲ್ಕವನ್ನು ಉಳಿಸಲೆಂದು ಕೊಟ್ಟ ಹಣಕ್ಕಿಂತ ಕಡಿಮೆಯಾಗಿ ಪತ್ರದಲ್ಲಿ ಬರೆಯಿಸುವ ಚಾಳಿಯು ಬಲು ಹಳೆಯದು. ಇದನ್ನು ತಡೆಯಲೆಂದೇ ೧೯೫೭ರ ಕರ್ಣಾಟಕ ಮುದ್ರಾಂಕ ಕಾನೂನಿನ ಮೇರೆಗೆ ಸರ್ಕಾರವು ಮಾರ್ಗಸೂಚಿ ಬೆಲೆಯನ್ನು ಗೊತ್ತುಮಾಡುವುದು. ೨೦೨೩ರ ಅಕ್ಟೋಬರಿನಲ್ಲಿ ಅದು ರಾಜ್ಯದಲ್ಲೆಲ್ಲ ಪರಿಷ್ಕೃತವಾಯಿತು. ಆದರೂ ಕೆಲವರು ಆ ಬೆಲೆಯನ್ನೇ ಪತ್ರದಲ್ಲಿ ಬರೆಯಿಸಿ ಉಳಿದುದನ್ನು ಮರೆಯಲ್ಲಿ ಕೈಬದಲಿಸುವರು. ೨೦೧೩ರ ಭೂಸ್ವಾಧೀನ ಕಾನೂನಿನಂತೆ ಪರಿಹಾರಕ್ಕೆ ನೋಡತಕ್ಕದ್ದು ಮಾರ್ಗಸೂಚಿ ಬೆಲೆ ಮತ್ತು ಹತ್ತಿರದ ಗ್ರಾಮದಲ್ಲಿ ಹಿಂದಿನ ಮೂರು ವರ್ಷಗಳಲ್ಲಿ ನೋಂದಣಿಯಾದ ಕ್ರಯಪತ್ರಗಳನ್ನು. ಆ ಪತ್ರಗಳಲ್ಲಿ ಹೆಚ್ಚು ಬೆಲೆಯ ಅರ್ಧವನ್ನು ಮಾತ್ರ ತೆಗೆದುಕೊಂಡು ಸರಾಸರಿ ಮಾಡಬೇಕೆಂಬ ದಯೆಯು ಕಾನೂನಿನಲ್ಲಿದೆ. ಆದರೆ ಎಲ್ಲ ಪತ್ರಗಳೂ ಕಿರಿದಾದ ಬೆಲೆಯನ್ನೇ ನುಡಿದರೆ ಆ ದಯೆಯಿಂದ ಫಲವೇನು? ಶುಲ್ಕ ಉಳಿಸಿದವನೊಬ್ಬ; ಹೆದ್ದಾರಿಗೆ ಹೊಲವನ್ನು ಬಿಟ್ಟುಕೊಟ್ಟು ನಷ್ಟಪಡುವ ನೆರೆಯವನು ಮತ್ತೊಬ್ಬ.

ಪೂರ್ವಕಾಲದಲ್ಲಿ ನೆರೆಯವರನ್ನು ಕ್ರಯಕ್ಕೆ ಸಾಕ್ಷಿಯಾಗಿ ಕರೆಯುತ್ತಿದ್ದುದರ ಅರ್ಥವು ಇಲ್ಲಿ ವಿಶದವಾಗುವುದು. ಒಬ್ಬನ ಹೊಲದ ಬೆಲೆಯು ಅವನೊಬ್ಬನದಲ್ಲ. ಅದು ಪಕ್ಕದ ಹೊಲದ ಬೆಲೆಗೂ ಆಧಾರ. ಆದುದರಿಂದ ಕ್ರಯಪತ್ರದಲ್ಲಿ ನಿಜವಾದ ಬೆಲೆಯನ್ನು ಬರೆಯಿಸುವುದು ಸರ್ಕಾರಕ್ಕೆ ಸಲ್ಲಿಸುವ ಶುಲ್ಕ ಮಾತ್ರವಲ್ಲ. ಗ್ರಾಮಕ್ಕೆ ಸಲ್ಲಿಸುವ ಋಣವೂ ಆಗಿದೆ.