ಕತ್ತರಿಸಿದ ರೀಲುಗಳು: ಜ್ಯಾಕ್ ಜಾನ್ಸನ್ ಮತ್ತು ಹೆವಿವೇಟ್ ಬಾಕ್ಸಿಂಗ್‌ನ ವರ್ಣರೇಖೆ

1908ರ ಡಿಸೆಂಬರ್ 26. ಸಿಡ್ನಿಯ ರಷ್‌ಕಟರ್ಸ್ ಬೇ ಕ್ರೀಡಾಂಗಣದಲ್ಲಿ ಹೆವಿವೇಟ್ ವಿಶ್ವಪಟ್ಟದ ಕಾಳಗ. ಹದಿನಾಲ್ಕನೆಯ ಸುತ್ತಿನಲ್ಲಿ ಚಾಂಪಿಯನ್ ಟಾಮಿ ಬರ್ನ್ಸ್ ತತ್ತರಿಸತೊಡಗಿದಾಗ ಪೊಲೀಸರು ಪಂದ್ಯ ನಿಲ್ಲಿಸಿದರು, ಕ್ಯಾಮೆರಾವೂ ನಿಂತಿತು. ಗೆದ್ದವನು ಜ್ಯಾಕ್ ಜಾನ್ಸನ್, ಈ ಪಟ್ಟವೇರಿದ ಮೊದಲ ಕಪ್ಪುವರ್ಣೀಯ. ಆ ಗೆಲುವಿನ ಕೊನೆಯ ಕ್ಷಣಗಳು ಮಾತ್ರ ರೀಲಿನಲ್ಲಿ ಉಳಿಯಲಿಲ್ಲ.

ಜಾನ್ಸನ್‌ನ ಸೋಲು-ಗೆಲುವುಗಳ ಲೆಕ್ಕದಷ್ಟೇ ಮುಖ್ಯವಾದದ್ದು ಅವು ಯಾರ ಕಣ್ಣಿಗೆ ಬಿದ್ದವು, ಯಾರ ಕಣ್ಣಿಗೆ ಬೀಳಲಿಲ್ಲ ಎಂಬುದು. ರಿಂಗಿನೊಳಗೆ ಆತನನ್ನು ತಡೆಯಲಾಗದವರು ಚಿತ್ರಸುರುಳಿಯನ್ನು ತಡೆದರು.

ಟೆಕ್ಸಸ್‌ನ ಗಾಲ್ವೆಸ್ಟನ್‌ನಲ್ಲಿ 1878ರಲ್ಲಿ ಹುಟ್ಟಿದ ಜಾನ್ಸನ್‌ನ ತಂದೆತಾಯಿ ಗುಲಾಮಗಿರಿಯಿಂದ ಬಿಡುಗಡೆ ಕಂಡವರು. 1901ರಲ್ಲಿ ಅನುಭವಿ ಪಟು ಜೋ ಚೊಯಿನ್ಸ್ಕಿ ಅದೇ ಊರಲ್ಲಿ ಮೂರನೆಯ ಸುತ್ತಿಗೇ ಆತನನ್ನು ಕೆಡವಿದ. ಹಣಕ್ಕಾಗಿ ಗುದ್ದಾಡುವುದು ಟೆಕ್ಸಸ್‌ನಲ್ಲಿ ಅಪರಾಧವಾಗಿದ್ದರಿಂದ ಇಬ್ಬರೂ ಜೈಲು ಸೇರಿದರು. ಅಲ್ಲೂ ಒಟ್ಟಿಗೆ ಅಭ್ಯಾಸ ಮಾಡಿದರು. ಎದುರಾಳಿಯನ್ನು ಮುನ್ನುಗ್ಗಲು ಬಿಟ್ಟು, ಅವನ ಗುದ್ದನ್ನು ಗ್ಲೌಸಿನಲ್ಲೇ ತಡೆದು, ಆಯ ತಪ್ಪಿದೊಡನೆ ತಿರುಗೇಟು ಕೊಡುವುದು ಜಾನ್ಸನ್‌ನ ವರಸೆಯಾಯಿತು.

ಚಾಂಪಿಯನ್ ಜಿಮ್ ಜೆಫ್ರೀಸ್ ಕಪ್ಪು ಪಟುಗಳೊಂದಿಗೆ ಪಟ್ಟಕ್ಕಾಗಿ ಸೆಣಸಲು ಒಪ್ಪದೆ 1905ರಲ್ಲಿ ಅಜೇಯನಾಗಿಯೇ ನಿವೃತ್ತನಾದ. ಬರ್ನ್ಸ್ ಒಪ್ಪಿದ್ದು 30,000 ಡಾಲರಿಗೆ; ಜಾನ್ಸನ್‌ಗೆ ಸಿಕ್ಕಿದ್ದು 5,000.

ಬಿಳಿಯರ ಮಾನ ಉಳಿಸಬೇಕೆಂಬ ಒತ್ತಾಯಕ್ಕೆ ಜೆಫ್ರೀಸ್ ಮರಳಿ ಬಂದ. 1910ರ ಜುಲೈ 4ರಂದು ನೆವಾಡಾದ ರೀನೋದಲ್ಲಿ, ಅದುವರೆಗೆ ಒಮ್ಮೆಯೂ ನೆಲ ಕಾಣದಿದ್ದ ಆತನನ್ನು ಜಾನ್ಸನ್ ಹದಿನೈದನೆಯ ಸುತ್ತಿನಲ್ಲಿ ಪದೇಪದೇ ಕೆಡವಿದ. ಅಂದು ರಾತ್ರಿ ಅಮೆರಿಕದ ಹಲವು ನಗರಗಳಲ್ಲಿ ಗಲಭೆಯೆದ್ದಿತು. ಸತ್ತವರಲ್ಲಿ ಹೆಚ್ಚಿನವರು ಕಪ್ಪುವರ್ಣೀಯರು. ಶಾಂತಿಯ ನೆಪದಲ್ಲಿ ಊರೂರುಗಳು ಪಂದ್ಯದ ಚಿತ್ರವನ್ನು ನಿಷೇಧಿಸಿದವು. 1912ರಲ್ಲಿ ಅಮೆರಿಕದ ಸಂಸತ್ತು, ಬಾಕ್ಸಿಂಗ್ ಪಂದ್ಯಗಳ ಚಿತ್ರಗಳನ್ನು ಒಂದು ರಾಜ್ಯದಿಂದ ಇನ್ನೊಂದಕ್ಕೆ ಸಾಗಿಸುವುದನ್ನೂ ಹೊರದೇಶದಿಂದ ತರುವುದನ್ನೂ ಅಪರಾಧವಾಗಿಸಿತು.

ಅದೇ ವರ್ಷ ಜಾನ್ಸನ್‌ನ ಬಂಧನವಾಯಿತು. ಹೆಣ್ಣುಮಕ್ಕಳ ಸಾಗಣೆ ತಡೆಯಲು 1910ರಲ್ಲಿ ಬಂದಿದ್ದ ಮ್ಯಾನ್ ಕಾಯ್ದೆಯನ್ನು ಬಿಳಿಯ ಮಹಿಳೆಯೊಡನೆ ಆತನಿಗಿದ್ದ ಸಂಬಂಧಕ್ಕೆ ಅನ್ವಯಿಸಲಾಯಿತು. 1913ರಲ್ಲಿ ಬಿಳಿಯರೇ ತುಂಬಿದ್ದ ಜ್ಯೂರಿ ಆತನನ್ನು ತಪ್ಪಿತಸ್ಥನೆಂದಿತು. ಶಿಕ್ಷೆ ಒಂದು ವರ್ಷ ಒಂದು ದಿನ. ಜಾನ್ಸನ್ ಕೆನಡಾ ದಾಟಿ ಯುರೋಪಿಗೆ ಪರಾರಿಯಾದ.

1915ರ ಏಪ್ರಿಲ್ 5ರಂದು ಹವಾನಾದಲ್ಲಿ ಜೆಸ್ ವಿಲಾರ್ಡ್ ಇಪ್ಪತ್ತಾರನೆಯ ಸುತ್ತಿನಲ್ಲಿ ಆತನನ್ನು ಮಲಗಿಸಿದ. ಬಿಳಿಯರು ಕಾದಿದ್ದ ದೃಶ್ಯ ಕೊನೆಗೂ ಚಿತ್ರವಾಗಿತ್ತು. ಆದರೆ ಜಾನ್ಸನ್‌ನ ಗೆಲುವನ್ನು ಮರೆಮಾಡಲು ಹೊಸೆದ ಕಾನೂನು ಆತನ ಸೋಲಿಗೂ ಅಡ್ಡಬಂತು: ಚಿತ್ರವನ್ನು ದೇಶದೊಳಕ್ಕೆ ಬಿಡಲು ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ತಾನು ಬೇಕೆಂದೇ ಸೋತೆನೆಂದು ಜಾನ್ಸನ್ ಮುಂದೆ ಹೇಳಿಕೊಂಡ. ಬಿದ್ದಲ್ಲಿಂದಲೇ ಬಿಸಿಲಿಗೆ ಕೈ ಅಡ್ಡ ಹಿಡಿದಂತೆ ಕಾಣುವ ಒಂದು ಫೋಟೋ ಈ ಮಾತಿಗೆ ಪುಷ್ಟಿ ಕೊಟ್ಟಿತು. ಆದರೆ 37ರ ವಯಸ್ಸಿನಲ್ಲಿ, ಸುಡುಬಿಸಿಲಿನಲ್ಲಿ ಇಪ್ಪತ್ತೈದು ಸುತ್ತು ಹೋರಾಡಿದವನು ದಣಿದು ಬಿದ್ದನೆನ್ನಲು ಬೇರೆ ಪಿತೂರಿ ಬೇಕಿಲ್ಲ.

ಜಾನ್ಸನ್‌ನನ್ನು ಬರಿಯ ಬಲಿಪಶುವೆಂದೂ ಬಣ್ಣಿಸಲಾಗದು. ಪಟ್ಟವೇರಿದ ಮೇಲೆ ಸ್ಯಾಮ್ ಲ್ಯಾಂಗ್‌ಫರ್ಡ್‌ನಂಥ ಬಲಿಷ್ಠ ಕಪ್ಪು ಪಟುಗಳಿಗೆ ಆತನೂ ಅವಕಾಶ ಕೊಡಲಿಲ್ಲ. ಕಪ್ಪುವರ್ಣೀಯನೊಬ್ಬನೊಡನೆ ಪಟ್ಟಕ್ಕಾಗಿ ಆಡಿದ್ದು ಒಮ್ಮೆ ಮಾತ್ರ, 1913ರ ಡಿಸೆಂಬರ್‌ನಲ್ಲಿ ಪ್ಯಾರಿಸ್‌ನಲ್ಲಿ, ಬ್ಯಾಟ್ಲಿಂಗ್ ಜಿಮ್ ಜಾನ್ಸನ್ ಎದುರು, ಪಂದ್ಯ ಸಮವಾಯಿತು.

1920ರಲ್ಲಿ ಆತ ಶರಣಾಗಿ ಶಿಕ್ಷೆ ಅನುಭವಿಸಿದ. ಮತ್ತೊಬ್ಬ ಕಪ್ಪು ಪಟು, ಜೋ ಲೂಯಿ, ಪಟ್ಟವೇರಿದ್ದು 1937ರಲ್ಲಿ. ಚಿತ್ರಗಳ ಮೇಲಿನ ಕಾನೂನು 1940ರಲ್ಲಿ ರದ್ದಾಯಿತು. 1946ರಲ್ಲಿ ಕಾರು ಅಪಘಾತದಲ್ಲಿ ತೀರಿಕೊಂಡ ಜಾನ್ಸನ್‌ಗೆ ಕ್ಷಮಾದಾನ ಸಿಕ್ಕಿದ್ದು 2018ರ ಮೇ ತಿಂಗಳಲ್ಲಿ.