ಟೈಮ್ ಮಷೀನ್ ಕಲಬುರಗಿಗೆ ಯಾಕ ಬರಲಿಲ್ಲ?

ಇವತ್ತು ಒಂದು ಡೈಲಾಗ್ ಹುಡುಕಿಕೊಂಡು ಹೋದ ಕಥೆ ಹೇಳ್ತೀನಿ. ಡೈಲಾಗ್ ಸಿನಿಮಾದ್ದು ಅಂದ್ಕೊಂಡಿದ್ದೆ. ಹುಡುಕಿದ್ರ ಅದು ಸಿನಿಮಾದಾಗ ಇರಲೇ ಇಲ್ಲ.

1993ರ ಗಣಪತಿ ಹಬ್ಬ. ಆಳಂದ ತಾಲ್ಲೂಕಿನ ಜಿಡಗಾ, ನಮ್ಮೂರು. ನಾನಾಗ ಮೂರನೇ ಕ್ಲಾಸು. ಪಟ್ಟಿ ಎತ್ತಿ, ಬಾಡಿಗಿ ಕಲರ್ ಟಿವಿ, ವಿಸಿಪಿ ತಂದು ರಾತ್ರಿಯೆಲ್ಲಾ ಸಿನಿಮಾ ಹಾಕಿದ್ರು. ಅದರಾಗ ಒಂದು ತೆಲುಗಿನ ‘ಆದಿತ್ಯ 369’. 1991ರಲ್ಲಿ ಬಂದಿದ್ದು, ಬಾಲಕೃಷ್ಣ ಹೀರೊ. ನಿರ್ದೇಶಕ ಸಿಂಗೀತಂ ಶ್ರೀನಿವಾಸರಾವ್. ಹೌದು, ನಮ್ಮ ರಾಜ್‌ಕುಮಾರ್ ಅವರ ‘ಹಾಲು ಜೇನು’, ‘ಚಲಿಸುವ ಮೋಡಗಳು’ ಮಾಡಿದವರೇ.

ಬೇರೆ ಭಾಷೆಯ ಸಿನಿಮಾಗಳನ್ನ ಕನ್ನಡಕ್ಕೆ ಡಬ್ ಮಾಡೋ ರೂಢಿ ಆಗ ಇರಲಿಲ್ಲ. ನಮ್ಮ ಡಬ್ಬಿಂಗ್ ಆರ್ಟಿಸ್ಟ್ ಅಂದ್ರ ಸೋದರಮಾವ. ಸೇಡಂ ಕಡೆ ಇದ್ದವರು, ತೆಲುಗು ನೀರು ಕುಡಿದಂಗ ಬರ್ತಿತ್ತು. ಟಿವಿ ಪಕ್ಕ ಕೂತು ಒಂದೊಂದೇ ಮಾತು ಕನ್ನಡ ಮಾಡಿ ಜೋರಾಗಿ ಹೇಳ್ತಿದ್ರು. ಹೀರೊ ಹೀರೋಯಿನ್ ಟೈಮ್ ಮಷೀನ್ ಹತ್ತಿ 1526ಕ್ಕೆ, ಕೃಷ್ಣದೇವರಾಯನ ವಿಜಯನಗರಕ್ಕೆ ಹೋಗಿ ಇಳಿದಾಗ ಮಾಮಾ ಹೇಳಿದ್ದು ಇವತ್ತಿಗೂ ಕಿವಿಯಾಗ ಅದ: “ಈ ರಾಜಾ ಈಗಷ್ಟ ನಮ್ ಕಲಬುರ್ಗಿ ಕಿಲ್ಲಾ ಕೆಡವಿ ಬಂದಾನ, ನೋಡ್ರಿ!”

ಆಮೇಲೆ ಮಷೀನ್ 2504ಕ್ಕೆ ಹೋಗ್ತದ. ಮೂರನೇ ಮಹಾಯುದ್ಧ ಮುಗಿದು, ವಿಕಿರಣಕ್ಕೆ ಹೆದರಿ ಜನ ನೆಲದೊಳಗ ಬದುಕಿರ್ತಾರ. ಅದನ್ನ ನೋಡಿ ಕೆಲವೇ ದಿನಕ್ಕ, ಸೆಪ್ಟೆಂಬರ್ 30ರ ನಸುಕಿನಾಗ, ಗಡಿ ಆಚೆ ಲಾತೂರ್ ಜಿಲ್ಲೆಯ ಕಿಲ್ಲಾರಿಯಲ್ಲಿ ಭೂಕಂಪ. ಸಾವಿರಾರು ಜನ ಕಲ್ಲುಮಣ್ಣಿನ ಗೋಡೆ ಕೆಳಗ ಸತ್ರು. ನಮ್ಮೂರಾಗೂ ನೆಲ ನಡುಗಿತು, ವಾರಗಟ್ಟಲೆ ಹೊರಗ ಹಾಸಿಕೊಂಡು ಮಲಗಿದ್ವಿ. ನೆಲದೊಳಗಿನ ಆ ಊರು ಸುರಕ್ಷಿತ ಅಂತ ಸಿನಿಮಾ ಹೇಳಿತ್ತು. ನಾನು ನಂಬೋದು ಬಿಟ್ಟೆ.

2025ರ ಏಪ್ರಿಲ್‌ನಲ್ಲಿ ಸಿನಿಮಾ 4ಕೆ ಪ್ರಿಂಟಿನಲ್ಲಿ ಮತ್ತೆ ಬಂತು. ನೋಡಿದೆ. ಗ್ರಾಫಿಕ್ಸ್ ಬಗ್ಗೆ ನೀವು ನಗ್ತೀರಿ, ನಗ್ರಿ. ನನಗ ಇಳಯರಾಜಾ ಸಂಗೀತ ಈಗಲೂ ಮೈ ಜುಂ ಅನಿಸ್ತು. ಆಸ್ಥಾನ ಅದ, ತೆನಾಲಿ ರಾಮಕೃಷ್ಣ ಇದ್ದಾನ, ನಾಟ್ಯ ಅದ, ಎಲ್ಲರೂ ಬೆನ್ನಟ್ಟೋ ವಜ್ರ ಅದ. ಕಲಬುರಗಿ ಮಾತ್ರ ಇಲ್ಲ. ಎರಡು ಸಲ ಹಿಂದಕ್ಕ ಓಡಿಸಿ ಕೇಳಿದೆ. ಇಲ್ಲ. ಅದು ಮಾಮಾ ತಾವೇ ಸೇರಿಸಿದ ಮಾತು.

ಆದರೆ ಮಾಮಾ ಸುಳ್ಳು ಹೇಳಿರಲಿಲ್ಲ. 1520ರಲ್ಲಿ ಕೃಷ್ಣದೇವರಾಯ ರಾಯಚೂರಿನಲ್ಲಿ ಬಿಜಾಪುರದ ಇಸ್ಮಾಯಿಲ್ ಆದಿಲ್ ಶಾಹನನ್ನ ಸೋಲಿಸಿದ. ನಂತರದ ವರ್ಷಗಳಲ್ಲಿ ಅವನ ಸೈನ್ಯ ಬಿಜಾಪುರ ಹೊಕ್ಕು, ಮುಂದ ಕಲಬುರಗಿವರೆಗೂ ಬಂತು. ಇದನ್ನ ಬರೆದಿಟ್ಟವನು ನೂನಿಜ್ ಅನ್ನೋ ಪೋರ್ಚುಗೀಸ್ ಕುದುರೆ ವ್ಯಾಪಾರಿ. ಅವನ ಬರಹವನ್ನ ರಾಬರ್ಟ್ ಸಿವೆಲ್ 1900ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿದ. ರಾಜ ಕಲಬುರಗಿ ಕೋಟೆಯನ್ನ ನೆಲಸಮ ಮಾಡಿಸಿದ ಅಂತದ ಅದರಲ್ಲಿ. ಅಂದ್ರ ಸಿನಿಮಾದ 1526ಕ್ಕ ಅದು ಇನ್ನೂ ಹಸಿ ಗಾಯ.

ನೂನಿಜ್ ಮಾತನ್ನೂ ಪೂರ್ತಿ ನಂಬಂಗಿಲ್ಲ. ಕೋಟೆಯೊಳಗೆ 1367ರ ಜಾಮಾ ಮಸೀದಿ ಅದ, ತೆರೆದ ಅಂಗಳವೇ ಇಲ್ಲದ, ಪೂರ್ತಿ ಛಾವಣಿ ಇರೋ ಮಸೀದಿ. ಇವತ್ತೂ ನಿಂತದ. ಎಲ್ಲಾ ನೆಲಸಮ ಆಗಿದ್ರ ಅದು ಹ್ಯಾಂಗ ಉಳೀತು? ಗೋಡೆ, ಬುರುಜು ಕೆಡವಿರಬೇಕು. ಸೇನೆ ಹೆದರೋದು ಅವಕ್ಕೇ ತಾನೆ.

ಇಷ್ಟು ಕೇಳಿ “ಓಹೋ, ಹಿಂದೂ-ಮುಸ್ಲಿಂ ಯುದ್ಧ” ಅಂತ ಸ್ಟೇಟಸ್ ಹಾಕಬ್ಯಾಡ್ರಿ, ತಡೀರಿ. ಅದೇ ದಂಡಯಾತ್ರೆಯಲ್ಲಿ ಕೃಷ್ಣದೇವರಾಯನಿಗೆ ಸೆರೆಯಲ್ಲಿದ್ದ ಬಹಮನಿ ರಾಜಕುಮಾರರು ಸಿಕ್ಕರು. ಹಿರಿಯನನ್ನ ಅವನೇ ಸುಲ್ತಾನನನ್ನಾಗಿ ಮಾಡಿದ. ‘ಯವನರಾಜ್ಯ ಸ್ಥಾಪನಾಚಾರ್ಯ’ ಅನ್ನೋ ಬಿರುದು ಅವನಿಗೆ ಇದ್ದದ್ದು ಅದಕ್ಕೇ. ಬಹಮನಿಗಳ ಹೆಸರು ಉಳಿದ್ರ ಬಿಜಾಪುರದವನಿಗೆ ತಲೆನೋವು, ಲೆಕ್ಕ ಅಷ್ಟೇ. ಸಿನಿಮಾದ ರಾಜ ಬರೀ ಒಳ್ಳೆಯವನು. ಈ ರಾಜಕಾರಣಿ ನನಗ ಅವನಿಗಿಂತ ಜಾಸ್ತಿ ಹಿಡಿಸಿದ.

ಇನ್ನೊಂದು. ಸಿನಿಮಾಕ್ಕೆ ಸ್ಫೂರ್ತಿ ಎಚ್.ಜಿ. ವೆಲ್ಸ್ 1895ರಲ್ಲಿ ಬರೆದ ‘ದಿ ಟೈಮ್ ಮಷೀನ್’. ವೆಲ್ಸ್ ಕಥೆಯಲ್ಲಿ ಯಂತ್ರ ದೇಶ ದಾಟೋದಿಲ್ಲ, ಇದ್ದಲ್ಲೇ ಇದ್ದು ಕಾಲ ದಾಟ್ತದ. ಆ ನಿಯಮ ಹಿಡಿದು ಜಿಡಗಾದಾಗ ಮಷೀನ್ ಇಟ್ಟು 1526 ಅಂತ ತಿರುವಿದ್ರ? ಆಸ್ಥಾನ, ನಾಟ್ಯ ಏನೂ ಸಿಗೋದಿಲ್ಲ. ಬಿಜಾಪುರದವರೂ ಬೀದರಿನವರೂ ಎಳೆದಾಡ್ತಿದ್ದ ನೆಲ. ಜೋಳದ ರೊಟ್ಟಿ ಸಿಗ್ತದ. ಜೊತೆಗೆ ಶೇಂಗಾ ಹಿಂಡಿ ಕೇಳಬ್ಯಾಡ್ರಿ. ಶೇಂಗಾ, ಮೆಣಸಿನಕಾಯಿ ಎರಡೂ ಅಮೆರಿಕ ಖಂಡದವು, ನಮ್ಮ ಹೊಲಕ್ಕ ಆಗಿನ್ನೂ ಬಂದಿರಲಿಕ್ಕಿಲ್ಲ. ದಂಡು ಹಾದುಹೋದ ಮ್ಯಾಲ ಆ ರೊಟ್ಟಿಗೆ ಜೋಳವಾದ್ರೂ ಉಳಿದಿತ್ತೋ ಏನೋ. ಅದನ್ನ ಯಾವ ಕುದುರೆ ವ್ಯಾಪಾರಿಯೂ ಬರೆದಿಡಲಿಲ್ಲ.

ಭಾಷೆದೂ ಒಂದು ಮಾತು. ಸಿನಿಮಾದ ರಾಯ ಅಚ್ಚ ತೆಲುಗಿನವನು. ‘ಆಮುಕ್ತಮಾಲ್ಯದ’ ಬರೆದವನು, ತಪ್ಪಿಲ್ಲ ಬಿಡ್ರಿ. ಆದ್ರ ಹಂಪಿ ವಿರೂಪಾಕ್ಷ ಗುಡಿಯಲ್ಲಿ ಅವನ ಪಟ್ಟಾಭಿಷೇಕದ ಕಾಲದ ಶಾಸನ ಸಂಸ್ಕೃತ ಮತ್ತು ಕನ್ನಡದಲ್ಲದ. ಅವನು ಒಂದೇ ಭಾಷೆಯ ರಾಜ ಆಗಿರಲಿಲ್ಲ. ಸೇಡಂನ ಮಾಮಾನೂ ಒಂದೇ ಭಾಷೆಯ ಮನುಷ್ಯ ಆಗಿರಲಿಲ್ಲ.

ಅವರು ಆ ಮಾತು ಎಲ್ಲಿ ಓದಿದ್ರು, ಯಾರಿಂದ ಕೇಳಿದ್ರು? ಕೇಳೋಣ ಅಂದ್ರ ಅವರೀಗ ಇಲ್ಲ. ಹೋದ ತಿಂಗಳು ತಂಗಿ ಮಗನಿಗೆ ಮೊಬೈಲ್‌ನಾಗ ಸಿನಿಮಾ ತೋರಿಸಿದೆ. ಅವನಿಗೂ ತೆಲುಗು ಬರೋದಿಲ್ಲ. 1526 ಬಂತು. ನಾನೂ ಮಾಮಾನ ಡೈಲಾಗ್ ಹಾಕಿದೆ. “ಖರೇನಾ, ಮಾಮಾ?” ಅಂದ. ಪಾಸ್ ಒತ್ತಿ, ನೂನಿಜ್‌ನಿಂದ ಶುರು ಮಾಡಿದೆ.