ಮಾಸ್ ಅಂಟಿಸುವ ಸೂಪರ್ ಗ್ಲೂನಿಂದ ಅಕ್ವೇರಿಯಂ ಮೀನುಗಳು ಸಾಯುತ್ತವೆಯೇ?

ಮೀನಿನ ತೊಟ್ಟಿಯಲ್ಲಿ ಕಲ್ಲು, ಕಟ್ಟಿಗೆಗಳ ಮೇಲೆ ಜಾವಾ ಮಾಸ್ ಬೆಳೆಸುವವರು ಅದನ್ನು ಸೂಪರ್ ಗ್ಲೂನಿಂದ ಅಂಟಿಸುವುದುಂಟು. "ಅದರಲ್ಲಿ ಸಯನೈಡ್ ಇದೆ, ಮೀನುಗಳೆಲ್ಲ ಸಾಯುತ್ತವೆ" ಎಂಬ ಎಚ್ಚರಿಕೆಯನ್ನು ನೀವೂ ಕೇಳಿರಬಹುದು. ಇದು ನಿಜವೇ?

ಇಲ್ಲ. ಈ ಭಯಕ್ಕೆ ಕಾರಣ ಹೆಸರು. ಸೂಪರ್ ಗ್ಲೂನ ಮುಖ್ಯ ಅಂಶ ಸಯನೋಅಕ್ರಿಲೇಟ್. ಇದರಲ್ಲಿರುವ 'ಸಯನೋ' ಭಾಗ ಅಣುವಿಗೆ ಭದ್ರವಾಗಿ ಬೆಸೆದುಕೊಂಡಿರುತ್ತದೆ, ಸಯನೈಡ್ ವಿಷದಂತೆ ಬಿಡಿಯಾಗಿ ನೀರಿಗೆ ಸೇರುವುದಿಲ್ಲ. ತೇವ ತಗುಲಿದರೆ ಸಾಕು, ಅಂಟು ಗಟ್ಟಿ ಪ್ಲಾಸ್ಟಿಕ್ ಆಗಿಬಿಡುತ್ತದೆ. ಅಕ್ವೇರಿಯಂನಲ್ಲಿ ಹವಳ ಬೆಳೆಸುವವರೂ ಅದರ ತುಂಡುಗಳನ್ನು ಕಲ್ಲಿಗೆ ಕೂರಿಸಲು ಇದನ್ನೇ ಬಳಸುತ್ತಾರೆ. ಆಸ್ಪತ್ರೆಗಳಲ್ಲಿ ಕೆಲವು ಗಾಯಗಳಿಗೆ ಹೊಲಿಗೆಯ ಬದಲು ಹಚ್ಚುವ ಅಂಟು ಕೂಡ ಇದೇ ಕುಟುಂಬದ್ದು. (ಅದು ವೈದ್ಯಕೀಯ ಬಳಕೆಗೆಂದೇ ತಯಾರಾದದ್ದು. ಮನೆಯ ಗ್ಲೂ ಗಾಯಕ್ಕೆ ಹಚ್ಚಬೇಡಿ!)

ಹಾಗೆಂದು ಟ್ಯೂಬನ್ನು ತೊಟ್ಟಿಯೊಳಗೇ ಹಿಂಡಬಾರದು. ಕಲ್ಲನ್ನು ಹೊರತೆಗೆದು ಒರೆಸಿ, ಜೆಲ್ ಮಾದರಿಯ ಗ್ಲೂ ಅನ್ನು ಅಲ್ಲಲ್ಲಿ ಸಣ್ಣ ಚುಕ್ಕಿಯಷ್ಟು ಇಟ್ಟು, ಮಾಸ್ ಎಳೆಗಳನ್ನು ಚಿಮುಟದಿಂದ ಒತ್ತಿ. ಬೆರಳಿನಿಂದ ಒತ್ತಿದರೆ ಬೆರಳೇ ಅಂಟಿಕೊಳ್ಳುತ್ತದೆ. ಗ್ಲೂ ಬೆಳ್ಳಗಾದರೆ ಗಾಬರಿ ಬೇಡ, ಮಾಸ್ ಬೆಳೆದಂತೆ ಅದು ಮರೆಯಾಗುತ್ತದೆ. ಕೊಳ್ಳುವಾಗ ಪ್ಯಾಕೆಟ್ ಮೇಲೆ ಸಯನೋಅಕ್ರಿಲೇಟ್ ಎಂದಿದೆಯೇ ನೋಡಿ. ಚಪ್ಪಲಿ, ರಬ್ಬರ್ ಅಂಟಿಸುವ ಘಾಟು ವಾಸನೆಯ ಗ್ಲೂಗಳು ಬೇರೆಯೇ, ಅವು ಬೇಡ.

ಹಾಗಾದರೆ ಮಾಸ್ ಹಾಕಿದ ಮೇಲೆ ಮೀನು ಸತ್ತರೆ? ನಾವು ಮೊದಲು ಅನುಮಾನಿಸಬೇಕಾದದ್ದು ಕೊಳೆತವನ್ನು. ಮಾಸ್‌ಗೆ ನಿಜವಾದ ಬೇರುಗಳಿಲ್ಲ. ಕೂದಲಿನಂಥ ಎಳೆಗಳಿಂದ ಕಲ್ಲನ್ನು ಹಿಡಿದುಕೊಂಡು, ಆಹಾರವನ್ನು ಎಲೆಗಳಿಂದಲೇ ಹೀರುತ್ತದೆ. ಅದನ್ನು ಜಲ್ಲಿಯಲ್ಲಿ ಹೂತರೆ ಅಥವಾ ದಪ್ಪ ಉಂಡೆಯಾಗಿ ಕಟ್ಟಿದರೆ ಒಳಪದರಕ್ಕೆ ಬೆಳಕೂ ಇಲ್ಲ, ನೀರಿನ ಓಡಾಟವೂ ಇಲ್ಲ. ಅದು ಕಂದಾಗಿ ಕೊಳೆಯುತ್ತದೆ, ಅಮೋನಿಯಾ ಹೆಚ್ಚುತ್ತದೆ. ಸಣ್ಣ ತೊಟ್ಟಿಯಲ್ಲಿ ಇದು ಮೀನುಗಳಿಗೆ ನಿಜವಾದ ಅಪಾಯ. ಕಲ್ಲು ಅಲ್ಲಲ್ಲಿ ಕಾಣುವಷ್ಟು ತೆಳ್ಳಗೆ ಹರಡಿದರೆ ಸಾಕು.

ಮಳೆಗಾಲದಲ್ಲಿ ಕಾಂಪೌಂಡ್ ಗೋಡೆಯ ಮೇಲೆ ಬೆಳೆದ ಹಾವಸೆಯನ್ನು ಕಿತ್ತು ಹಾಕುವುದೂ ಇದೇ ಕಾರಣಕ್ಕೆ ತಪ್ಪು. ನೆಲದ ಮೇಲಿನ ಹೆಚ್ಚಿನ ಜಾತಿಗಳು ಸದಾ ನೀರಲ್ಲಿ ಮುಳುಗಿ ಬದುಕುವುದಿಲ್ಲ. ಅಂಗಡಿಯ 'ಮಾಸ್ ಬಾಲ್' ಅಂತೂ ಮಾಸೇ ಅಲ್ಲ, ಅದು ಪಾಚಿ!

ಮೊದಲ ಸಲ ಪ್ರಯತ್ನಿಸುವವರಿಗೆ ದಾರವೇ ಸುಲಭ ಎಂಬುದು ನಮ್ಮ ಅಭಿಪ್ರಾಯ. ಹತ್ತಿ ದಾರ ಕೆಲವು ವಾರಗಳಲ್ಲಿ ಕರಗಿಹೋಗುತ್ತದೆ. ಜಾವಾ ಮಾಸ್‌ನ ಹಿಡಿತ ಅಷ್ಟು ಗಟ್ಟಿಯಲ್ಲ, ಹಾಗಾಗಿ ಅದಕ್ಕೆ ನೈಲಾನ್ ದಾರ ಒಳ್ಳೆಯದು. ಬೆಳಕು ಸಾಧಾರಣವಾಗಿದ್ದರೆ ಸಾಕು. ಕತ್ತರಿಸುವ ಮುನ್ನ ಮಾತ್ರ ಫಿಲ್ಟರ್ ಆಫ್ ಮಾಡಿ, ತೇಲುವ ಚೂರುಗಳನ್ನೆಲ್ಲ ಬಲೆಯಿಂದ ತೆಗೆದ ಮೇಲೆ ಮರೆಯದೆ ಆನ್ ಮಾಡಿ.